ಅಪ್ಪಿಯ ಮನೆಯ ನಕ್ಷೆ

ನಮ್ಮೂರಲ್ಲಿ ಮನೆ ಕಟ್ಟಬೇಕೆಂದರೆ ಮೊದಲು ಮನೆಯ ನಕ್ಷೆಯನ್ನು ಹಗ್ಗದ ಮೇಲೆ ಹಾಕಬೇಕು. ಪಾಯ ತೋಡುವುದು, ಮೇಸ್ತ್ರಿಗೆ ವೀಳ್ಯ ಕೊಡುವುದು ಎಲ್ಲ ಆಮೇಲೆ. ನಕ್ಷೆ ಕಚೇರಿಯ ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ತೆಂಗಿನ ನಾರಿನ ಹಗ್ಗ ಬಿಗಿದಿದೆ. ಬುಧವಾರ ಸಮುದ್ರ ಉಬ್ಬರಕ್ಕೆ ಬಂದಾಗ ನಕ್ಷೆಯನ್ನು ಅದರ ಮೇಲೆ ಹಾಕಿ ಬಟ್ಟೆಯ ಕ್ಲಿಪ್ಪು ಸಿಕ್ಕಿಸುತ್ತೇವೆ. ಮುಂದಿನ ಉಬ್ಬರವೂ ತುಂಬಿದ ಮೇಲೆ, ಗುರುವಾರ ಮಧ್ಯಾಹ್ನ, ಸಮಿತಿಯವರ ಎದುರು ಅದನ್ನು ಮುಟ್ಟಿ ನೋಡುವುದು. ಮನೆಯ ಯಾವ ಭಾಗ ಜವುಗಿನ ಪಾಲಿನ ನೆಲದಲ್ಲಿ ಬೀಳುತ್ತದೋ ನಕ್ಷೆಯ ಆ ಭಾಗ ಒದ್ದೆಯಾಗಿರುತ್ತದೆ. ಅಡುಗೆಮನೆ ಒದ್ದೆ, ಪಡಸಾಲೆ ಒಣ, ಹೀಗೂ ಇರುತ್ತದೆ. ಆಗ ನೀಲಿ ಪೆನ್ಸಿಲಿನಲ್ಲಿ ಗಡಿ ಎಳೆದು 'ಇಷ್ಟು ಹಿಂದೆ ಸರಿಯಿರಿ' ಎಂದು ಬರೆದು ಕೊಡುತ್ತೇವೆ. ಪೂರ್ತಿ ಒದ್ದೆಯಾದರೆ ಆ ಜಾಗದ ಮಾತು ಅಲ್ಲಿಗೆ ಮುಗಿಯಿತು. ಭಾಗವಿರಲಿ ಪೂರ್ತಿಯಿರಲಿ, ಒದ್ದೆಯಾದ ನಕ್ಷೆಗಳೆಲ್ಲ ನಮ್ಮ ಕಪಾಟಿಗೆ ಹೋಗುತ್ತವೆ.

ಜನ ಈ ನಕ್ಷೆಯ ಜೊತೆ ಆಡದ ಆಟವಿಲ್ಲ. ಒಬ್ಬರು ಲ್ಯಾಮಿನೇಶನ್ ಮಾಡಿಸಿ ತಂದರು. ಗುರುವಾರ ನೋಡಿದರೆ ಪ್ಲಾಸ್ಟಿಕ್ಕಿನ ಒಳಗೇ ನೀರು ತುಂಬಿ ನಕ್ಷೆ ಪೂರಿಯ ಹಾಗೆ ಉಬ್ಬಿತ್ತು, ಒಳಗೊಂದು ಸೀಗಡಿ ಮರಿ ಮಲಗುವ ಕೋಣೆಯಿಂದ ಬಚ್ಚಲಿಗೆ ಓಡಾಡುತ್ತಿತ್ತು. ಮೇಣ ಹಚ್ಚಿದವರಿದ್ದಾರೆ, ಇಸ್ತ್ರಿ ಪೆಟ್ಟಿಗೆ ಹಿಡಿದು ಹಜಾರದ ಬಾಗಿಲಲ್ಲಿ ಕಾದವರಿದ್ದಾರೆ. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ತನಿಖೆಗೆ ಬಂದು, ಸುಡು ಸುಡು ಮೇ ತಿಂಗಳಲ್ಲಿ, 'ಹಜಾರದ ಹೆಂಚು ಸೋರುತ್ತಿದೆ, ಕೂಡಲೇ ರಿಪೇರಿ ಮಾಡಿಸಿ' ಎಂದು ವರದಿ ಬರೆದು ಹೋದರು. ನಾವು ಎದುರು ಮಾತಾಡಲಿಲ್ಲ. ಹೊಸ ಹೆಂಚು ಬೇಕೇ ಇತ್ತು. ಇನ್ನು ಸಂಬಂಧ ಕುದುರಿಸುವವರೂ ನಮ್ಮಲ್ಲಿ ಹುಡುಗನ ನೌಕರಿಗಿಂತ ಮೊದಲು ಕೇಳುವುದು, 'ನಕ್ಷೆ ಒಣಗಿ ಬಂದಿದೆಯಾ?' ಎಂದು.

ಮುಟ್ಟಿ ನೋಡುವ ಕೆಲಸ ನನ್ನದು. ಹೆಸರು ಗುಲಾಬಿ. ಹೆಸರಿಗೆ ತಕ್ಕಂತೆ ಮುಳ್ಳೂ ಇದೆ ಎಂದು ಊರಿನವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನನಗಿಂತ ಮೊದಲು ಈ ಕೆಲಸದಲ್ಲಿದ್ದ ತ್ಯಾಂಪಣ್ಣ ನನಗೆ ಕಲಿಸಿದ್ದು ಒಂದೇ ಒಂದು ಪಾಠ: ನಕ್ಷೆಯನ್ನು ಅಂಗೈಯಿಂದ ಮುಟ್ಟಬಾರದು, ಬೆರಳುಗಳ ಹಿಂಭಾಗದಿಂದ ಮುಟ್ಟಬೇಕು. "ಮಕ್ಕಳಿಗೆ ಜ್ವರ ಉಂಟಾ ಅಂತ ನೋಡ್ತೇವಲ್ಲ, ಹಾಗೆ. ಅಂಗೈ ಸುಳ್ಳು ಹೇಳ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಅಂಗೈ ಸುಳ್ಳು ಹೇಳುವುದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಗಾಬರಿಯಾದರೆ ನನ್ನ ಅಂಗೈ ಬೆವರುತ್ತದೆ. ಶಾಲೆಯಲ್ಲಿ ಪರೀಕ್ಷೆಯ ಹಾಳೆ ಒದ್ದೆಯಾಗಿ ಶಾಯಿ ಹರಡುತ್ತಿತ್ತು. ಕೆಲಸಕ್ಕೆ ಸೇರುವಾಗ ಕೈ ತೋರಿಸಬೇಕಿತ್ತು. ಆ ದಿನ ಮಾತ್ರ ಅರ್ಧ ಡಬ್ಬಿ ಪೌಡರ್ ಹಚ್ಚಿಕೊಂಡು ಹೋಗಿ ಪಾಸಾದೆ. ಆಮೇಲೆ ಹಿಂಗೈಯಿಂದಲೇ ಕೆಲಸ ನಡೆದ ಕಾರಣ ಅಂಗೈಯ ಗುಟ್ಟು ಯಾರಿಗೂ ತಿಳಿಯಲಿಲ್ಲ. ಒಬ್ಬಳನ್ನು ಬಿಟ್ಟು. ಅವಳು ನನ್ನ ಬೆಂಚಿನ ಗೆಳತಿ ಅಪ್ಪಿ.

ಅಪ್ಪಿ ಮರುವಾಯಿ ಹೆಕ್ಕುವವಳು. ಇಳಿತದ ಹೊತ್ತಿಗೆ ಅಳಿವೆಯ ಕೆಸರಿಗಿಳಿದು ಆ ಚಿಪ್ಪುಗಳನ್ನು ಬುಟ್ಟಿ ತುಂಬ ಹೆಕ್ಕಿ ಪೇಟೆಯಲ್ಲಿ ಮಾರುತ್ತಾಳೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದಳು, ಅಡುಗೆಮನೆಯ ಮೂಲೆಯಲ್ಲಿ ಚಾಪೆ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಆಚೆ ಅವಳ ಅಪ್ಪನ ಕಾಲದ ಒಂದು ತುಂಡು ನೆಲವಿತ್ತು. ಹನ್ನೊಂದು ವರ್ಷದ ಹಿಂದೆ ಅಲ್ಲಿ ಎರಡು ಕೋಣೆ, ಒಂದು ಜಗಲಿ, ಅಳಿವೆಯ ಕಡೆಗೆ ಒಂದು ಕಿಟಕಿ, ಇಷ್ಟರ ನಕ್ಷೆ ಬರೆಸಿಕೊಂಡು ನಮ್ಮ ಕಚೇರಿಗೆ ಬಂದಳು. ನಕ್ಷೆ ಎಷ್ಟು ಸಣ್ಣದಿತ್ತೆಂದರೆ ಒಂದೇ ಕ್ಲಿಪ್ಪು ಸಾಕಾಯಿತು.

ಆ ಗುರುವಾರ ಬೆಳಿಗ್ಗೆ ನನ್ನ ಬಲಗೈಯ ಹಿಂಭಾಗಕ್ಕೆ ಇಡ್ಲಿ ಪಾತ್ರೆಯ ಆವಿ ಬಡಿದು ಬೊಬ್ಬೆ ಎದ್ದಿತ್ತು. ಬೆರಳಿನ ತನಕ ಹಿಂಗೈಗೆ ಪಟ್ಟಿ ಅಂಟಿಸಿಕೊಂಡಿದ್ದೆ, ಅಂಗೈ ಮಾತ್ರ ಬರಿದಾಗಿತ್ತು. ಎಡಗೈ ಇತ್ತಲ್ಲ ಎಂದು ನೀವು ಕೇಳಬಹುದು. ಇನ್ನೊಬ್ಬರು ಬಾಳಬೇಕಾದ ಮನೆಯ ನಕ್ಷೆಯನ್ನು ಎಡಗೈಯಲ್ಲಿ ಮುಟ್ಟುವುದುಂಟೇ? ನಮ್ಮೂರಲ್ಲಿ ಇಲ್ಲ. ಹಜಾರದಲ್ಲಿ ಜನ ತುಂಬಿದ್ದರು. ಗೆಳತಿಯ ನಕ್ಷೆ, ಗುಲಾಬಿ ಒಣ ಅಂತಲೇ ಹೇಳುತ್ತಾಳೆ ಎಂದು ಯಾರೋ ಹಿಂದಿನಿಂದ ಗೊಣಗಿದ್ದು ನನ್ನ ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು. ಅಂಗೈಯಲ್ಲಿ ಒರತೆ ಒಡೆದ ಹಾಗೆ ಬೆವರು. ಆ ಅಂಗೈಯನ್ನೇ ನಕ್ಷೆಯ ಮೇಲೆ ಊರಿದೆ. "ಒದ್ದೆ" ಎಂದೆ. ಕೈ ತೆಗೆದಾಗ ಕಾಗದದ ಮೇಲೆ ಒದ್ದೆಯ ಗುರುತೂ ಕಂಡಿತು. ಸಮಿತಿಯವರು ತಲೆಯಾಡಿಸಿದರು.

ಅಪ್ಪಿ ಮುಂದೆ ಬಂದಳು. "ಅಲ್ಲಿಗೆ ನೀರು ಬರುದಿಲ್ಲ ಗುಲಾಬಿ. ನಾನು ದಿನಾ ನಡೆಯುವ ಜಾಗ ಅದು. ಕಾಲಿಗೆ ಗೊತ್ತಾಗ್ತದೆ" ಎಂದಳು.

"ನಿನ್ನ ಕಾಲು ಹೇಳುದು ಕೇಳ್ಬೇಕಾ, ನನ್ನ ಕೈ ಹೇಳುದು ಕೇಳ್ಬೇಕಾ?" ಎಂದು ನಾನು ಎಲ್ಲರ ಎದುರು ಸಿಡುಕಿದೆ. ಜನ ನಕ್ಕರು. ಅಪ್ಪಿ ಹೊರಟುಹೋದಳು. ಅಂದಿನಿಂದ ನನ್ನ ಮನೆಯ ಬಾಗಿಲಿಗೆ ಅವಳ ಬುಟ್ಟಿ ಬರಲಿಲ್ಲ. ನಾನೂ ಬೇರೆಯವರಿಂದ ಮರುವಾಯಿ ಕೊಂಡು ತಿಂದೆ. ನಿನಗೆ ಅನುಮಾನವೇ ಬರಲಿಲ್ಲವೇ ಎಂದರೆ, ಬಂದಿತ್ತು. ಆ ಸಂಜೆ ಮನೆಗೆ ನಡೆಯುವಾಗ ಒಮ್ಮೆ ಬಂದಿತ್ತು. ಅದನ್ನು ನುಂಗಿ ಮೇಲೆ ನೀರು ಕುಡಿದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನನ್ನ ನಿವೃತ್ತಿಗೆ ಮೂರು ತಿಂಗಳಿದ್ದಾಗ ಕಚೇರಿಗೆ ಹೊಸ ಕಪಾಟು ಬಂತು. ಹಳೆಯದರಲ್ಲಿದ್ದ ಒದ್ದೆ ನಕ್ಷೆಗಳನ್ನೆಲ್ಲ ಅದಕ್ಕೆ ದಾಟಿಸಬೇಕಿತ್ತು. ಅದೊಂದು ಹೇಸಿಗೆಯ ಕೆಲಸ. ಒದ್ದೆ ನಕ್ಷೆ ಕಪಾಟಿನಲ್ಲಿಟ್ಟರೂ ಒದ್ದೆಯೇ, ವರ್ಷಗಟ್ಟಲೆ ಒಣಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು, ಉಪ್ಪು ಕಟ್ಟಿ, ಶಾಯಿ ಹರಡಿ, ಕೆಸರಿನ ವಾಸನೆ ಹೊಡೆಯುತ್ತಿರುತ್ತವೆ. ಒಂದೊಂದನ್ನೇ ಬಿಡಿಸುತ್ತ ಬಂದಾಗ ಭುಜಂಗಣ್ಣ ಎಂಬವನು ಕಟ್ಟಹೊರಟ ಹೋಟೆಲಿನ ಮೊದಲ ನಕ್ಷೆಯ ಅಡಿಯಲ್ಲಿ ಕೈಗೆ ಏನೋ ಗರಿಗರಿಯಾಗಿ ಸಿಕ್ಕಿತು. ಬಿಸಿಲಿಗಿಟ್ಟ ಹಪ್ಪಳದ ಹಾಗೆ. ಎಳೆದು ನೋಡಿದರೆ ಅಪ್ಪಿಯ ಮನೆ. ಮೇಲೂ ಕೆಳಗೂ ನೀರು ಸುರಿಯುವ ಕಾಗದಗಳ ನಡುವೆ ಹನ್ನೊಂದು ವರ್ಷ ಇದ್ದೂ ಒಂದು ಗೆರೆ ಕದಡಿರಲಿಲ್ಲ. ಕಿಟಕಿಯ ಪಕ್ಕ ನಕ್ಷೆ ಬರೆದವನು ಹಾಕಿದ್ದ ಪುಟ್ಟ ಬಾಣದ ಗುರುತೂ ಹಾಗೇ ಇತ್ತು. ಕಾಗದದ ನಡುವೆ ಮಾತ್ರ ಒಂದು ಮಸುಕಾದ ಹಳದಿ ಕಲೆ, ಐದು ಬೆರಳು, ಒಂದು ಅಂಗೈ.

ಜವುಗು ಆಮೇಲೆ ಸರಿದಿರಬಹುದು ಎಂದು ಒಂದು ನೆಪ ಹುಡುಕಿದೆ. ಆದರೆ ಒಮ್ಮೆ ನೆನೆದ ಕಾಗದಕ್ಕೆ ಉಪ್ಪಿನ ಗೆರೆ ಇರುತ್ತದೆ, ಇದಕ್ಕೆ ಇರಲಿಲ್ಲ. ಕಲೆಯ ಮೇಲೆ ನನ್ನ ಕೈ ಇಟ್ಟು ನೋಡಿದೆ. ಬೆರಳಿಗೆ ಬೆರಳು ಸರಿ ಹೊಂದಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹಳೆಯ ಕಪಾಟಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ.

ಸಮಿತಿಯ ಅಧ್ಯಕ್ಷರು ಲಾರೆನ್ಸ್ ಮಾಸ್ಟ್ರು. ನಮಗೆಲ್ಲ ಲೆಕ್ಕ ಕಲಿಸಿದವರು, ಎಪ್ಪತ್ತೈದು ದಾಟಿದ್ದಾರೆ. ಆ ಸಂಜೆಯೇ ನಕ್ಷೆ ಹಿಡಿದುಕೊಂಡು ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನಾಡಿದ್ದು ಗುರುವಾರ ಯಾರ ಅರ್ಜಿ ಉಂಟು ಅಂತ ನೆನಪುಂಟಾ ನಿಂಗೆ?" ಎಂದರು.

ನೆನಪಿತ್ತು. ಭುಜಂಗಣ್ಣ ಅಳಿವೆಯ ದಂಡೆಯಲ್ಲಿ ನಲವತ್ತು ಕೋಣೆಯ ಹೋಟೆಲು ಕಟ್ಟಲು ಹೊರಟು ನಾಲ್ಕು ವರ್ಷವಾಗಿತ್ತು. ಎರಡು ಸಲ ನಕ್ಷೆ ಹಾಕಿದ್ದ. ರಸ್ತೆ ಬದಿಯ ಒಂದು ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಒದ್ದೆ. ಈಜುಕೊಳದ ಚಿತ್ರವಂತೂ ತೊಟ್ಟಿಕ್ಕುತ್ತಿತ್ತು. 'ಇರುವ ನೀರನ್ನು ತೆಗೆದು ಅದೇ ಜಾಗದಲ್ಲಿ ನೀರು ತುಂಬಿಸುವುದೇಕೆ ಭುಜಂಗಣ್ಣ?' ಎಂದು ನಾನು ಕುಟುಕಿದ್ದೆ ಕೂಡ. ಈಗ ಅವನ ಮೂರನೆಯ ಅರ್ಜಿ ಬೇರೆ ರೀತಿಯದು. ಒಬ್ಬ ಹೆಂಗಸಿನ ಕೈಯನ್ನು ನಂಬಿ ಊರಿನ ಗಡಿ ಹಾಕುವುದು ಸರಿಯಲ್ಲ, ನಕ್ಷೆಗಳನ್ನೆಲ್ಲ ಮೇಲಿನ ಕಚೇರಿಗೆ ಕಳಿಸಿ ಎಂದು ನಕ್ಷೆಯ ಜೊತೆ ಬರೆದು ಕೊಟ್ಟಿದ್ದ. ಮೇಲಿನ ಕಚೇರಿ ಇರುವುದು ಘಟ್ಟದ ಮೇಲೆ. ಅಲ್ಲಿಗೆ ಹೋದರೆ ಯಾವ ನಕ್ಷೆಯೂ ಒದ್ದೆಯಾಗುವುದಿಲ್ಲ.

"ನೀನು ಈಗ ಬಾಯಿ ಬಿಟ್ಟರೆ ಅವನಿಗೆ ಹಬ್ಬ" ಎಂದರು ಮಾಸ್ಟ್ರು. "ನೀನು ಮುಟ್ಟಿದ್ದೆಲ್ಲ ಸುಳ್ಳು ಅಂತ ಹೇಳ್ತಾನೆ. ಕಾಂಡ್ಲ ಉಳಿಯುದಿಲ್ಲ, ಏಡಿ ಉಳಿಯುದಿಲ್ಲ, ಮಳೆಗಾಲದಲ್ಲಿ ಪೇಟೆಗೆ ನೀರು ನುಗ್ತದೆ. ಸ್ವಲ್ಪ ತಡೆ. ಅವನ ಅರ್ಜಿ ಮುಗಿಲಿ, ನಿನ್ನ ನಿವೃತ್ತಿ ಆಗ್ಲಿ. ಆಮೇಲೆ ಅಪ್ಪಿಯದ್ದನ್ನು ಹೊಸ ಅರ್ಜಿ ಅಂತ ತಕ್ಕೊಳ್ಳುವ. ಹನ್ನೊಂದು ವರ್ಷ ಕಾದವಳಿಗೆ ಮೂರು ತಿಂಗಳು ಎಂತ ದೊಡ್ಡದು?"

ಅವರ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಎದೆಯ ಭಾರ ಇಳಿದು, ಅಂಗೈ ಕೂಡ ಒಣಗಿತು. ಆದರೂ ಮರುದಿನ ಬುಧವಾರ ಭುಜಂಗಣ್ಣನ ನಕ್ಷೆಯನ್ನು ಹಗ್ಗಕ್ಕೆ ಹಾಕಿ, ಸಂಜೆ ನೀರು ಇಳಿದ ಮೇಲೆ ಕಾಲು ತಾನಾಗಿ ಅಳಿವೆಯ ಕಡೆ ನಡೆಯಿತು. ಅವಳ ಮುಖ ನೋಡಿ ಬರುತ್ತೇನೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಇಳಿತದ ಹೊತ್ತು. ಅಪ್ಪಿ ಮೊಣಕಾಲು ಕೆಸರಿನಲ್ಲಿ ಬಗ್ಗಿ ಮರುವಾಯಿ ಹೆಕ್ಕುತ್ತಿದ್ದಳು. ಪಕ್ಕದಲ್ಲಿ ಒಂದು ಉದ್ದದ ಕೋಲು ಊರಿತ್ತು. ಎರಡು ಹೆಜ್ಜೆ ಹೋಗಬೇಕಾದರೂ ಕೋಲನ್ನು ಮುಂದೆ ಚುಚ್ಚಿ ನೋಡಿ ಆಮೇಲೆ ಕಾಲಿಡುತ್ತಿದ್ದಳು. ಹಿಂದೆ ಇವಳ ಹತ್ತಿರ ಕೋಲಿರಲಿಲ್ಲ. ಹುಡುಗಿಯಾಗಿದ್ದಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಈ ದಂಡೆಯಿಂದ ಆ ದಂಡೆಗೆ ದಾಟಿದವಳು ಅವಳು. ಕೆಸರಿಗೆ ಇಳಿಯುವವರು ಎಲ್ಲಿ ಗಟ್ಟಿ, ಎಲ್ಲಿ ಹೂಳು ಎಂದು ಅವಳನ್ನೇ ಕೇಳುತ್ತಿದ್ದರು.

ಚಪ್ಪಲಿ ಕೈಯಲ್ಲಿ ಹಿಡಿದು ದಂಡೆಯ ಮೇಲೆ ನಿಂತ ನನ್ನನ್ನು ಅವಳು ತಲೆ ಎತ್ತಿ ನೋಡಿದಳು. "ಮರುವಾಯಿ ಬೇಕಾದ್ರೆ ಪೇಟೆಯಲ್ಲಿ ಸಿಗ್ತದೆ" ಎಂದಳು.

"ಬೇಡ. ಸುಮ್ಮನೆ ಬಂದೆ. ಹೇಗಿದ್ದಿ?"

"ಹೇಗಿರುದು? ಬರುವ ಸೋಮವಾರ ಹೊರಡುದು. ತಮ್ಮ ಅಡುಗೆಮನೆ ಒಡೆದು ದೊಡ್ಡದು ಮಾಡ್ತಾನಂತೆ. ನಂಗೆ ಚಾಪೆ ಹಾಕ್ಲಿಕ್ಕೆ ಜಾಗ ಇಲ್ಲ. ಘಟ್ಟದ ಮೇಲೆ ತಂಗಿ ಮನೆಗೆ ಹೋಗ್ತೇನೆ." ಬುಟ್ಟಿ ಅಲ್ಲಾಡಿಸಿ ಕೆಸರು ತೊಳೆದಳು. "ಅಲ್ಲಿ ಕೆಸರೂ ಇಲ್ಲ, ಮರುವಾಯಿಯೂ ಇಲ್ಲ. ಎಂತ ಮಾಡುದು ಅಂತ ಗೊತ್ತಿಲ್ಲ."

ಸೋಮವಾರ! ನನ್ನ ಮತ್ತು ಮಾಸ್ಟ್ರ ಲೆಕ್ಕವೆಲ್ಲ ಕೆಸರು ಪಾಲಾಯಿತು. ಚಪ್ಪಲಿ ದಂಡೆಯಲ್ಲೇ ಬಿಟ್ಟು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದೆ. ಅವಳ ಹತ್ತಿರ ಹೋಗಿ ನಿಂತು, ಬೊಬ್ಬೆ ಎದ್ದ ಕೈಯಿಂದ ಹಿಡಿದು ಹಪ್ಪಳದಂಥ ಕಾಗದದ ತನಕ ಒಂದನ್ನೂ ಬಿಡದೆ ಹೇಳಿದೆ. ಅವಳು ಬೈಯುತ್ತಾಳೆ, ಕೆಸರು ಎತ್ತಿ ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಎಸೆದಿದ್ದರೆ ಒಳ್ಳೆಯದಿತ್ತು. ಅವಳು ಬುಟ್ಟಿಯಲ್ಲಿದ್ದ ಮರುವಾಯಿಯನ್ನು ಒಂದೊಂದಾಗಿ ಉಜ್ಜತೊಡಗಿದಳು.

"ಊರಿನವರು ನನ್ನನ್ನು ಹುಚ್ಚಿ ಅಂದ್ರು" ಎಂದಳು ಕೊನೆಗೆ. "ಒದ್ದೆ ಜಾಗವನ್ನು ಒಣ ಅಂತ ಹೇಳುವವಳ ಹತ್ರ ದಾರಿ ಕೇಳುದು ಬೇಡ ಅಂದ್ರು. ಅದು ಹೋಗ್ಲಿ. ನಿನ್ನ ಅಂಗೈ ಬೆವರುದು ಗೊತ್ತಿದ್ದೂ ನಾನೂ ನಂಬಿದೆ ಗುಲಾಬಿ. ನನ್ನ ಕಾಲು ನಂಗೆ ಸುಳ್ಳು ಹೇಳ್ತದೆ ಅಂತ ನಂಬಿದೆ. ಅಂದಿನಿಂದ ಈ ಕೋಲು."

ನನಗೆ ಅಳು ಬಂತು. ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾದ್ದೂ ಇರಲಿಲ್ಲ.

"ನಾಳೆ ಎಲ್ಲರ ಎದುರು ಹೇಳ್ತಿಯಾ?" ಎಂದು ಕೇಳಿದಳು. "ಅವತ್ತು ಎಲ್ಲರ ಎದುರು ಹೇಳಿದ್ದಿ ಅಲ್ವಾ, ಹಾಗೆ. ಮನೆ ಆಮೇಲೆ ನೋಡುವ. ನಂಗೆ ಮೊದಲು ಅದು ಬೇಕು."

ಭುಜಂಗಣ್ಣನ ಅರ್ಜಿಯ ವಿಷಯ ಹೇಳಿದೆ. ನಾಳೆ ಬಾಯಿ ಬಿಟ್ಟರೆ ಇಡೀ ಜವುಗು ಹೋಗಬಹುದು ಎಂದೆ. ಅವಳು ಸುತ್ತ ಒಮ್ಮೆ ನೋಡಿದಳು. ಕಾಂಡ್ಲದ ಬೇರುಗಳ ನಡುವೆ ಕೊಕ್ಕರೆಗಳು ನಿಂತಿದ್ದವು. "ಹೋದ್ರೆ ನನ್ನ ಹೊಟ್ಟೆಪಾಡೂ ಹೋಗ್ತದೆ. ಆದ್ರೂ ಹೇಳು" ಎಂದಳು.

ಗುರುವಾರ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭುಜಂಗಣ್ಣ ಬಿಳಿ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದ. ಕೆಟ್ಟವನಲ್ಲ ಅವನು. ಹೋಟೆಲಾದರೆ ಊರಿನವರಿಗೆ ಕೆಲಸ ಸಿಗುತ್ತದೆ ಎಂದು ಮನಸಾರೆ ನಂಬಿದ್ದ. ಬೇಡ ಎಂದು ಯಾರು ಹೇಳಿದರೂ ತನಗೆ ಆಗದವರು ಹೇಳಿಸಿದ್ದು ಎಂಬುದೊಂದು ಕಾಯಿಲೆ ಅವನಿಗಿತ್ತು. ಮಾಸ್ಟ್ರು ಅರ್ಜಿ ಓದಲು ಎದ್ದರು. ಅವರಿಗಿಂತ ಮೊದಲು ನಾನು ಎದ್ದೆ.

ಹೇಳಿದೆ. ಅಂಗೈಯನ್ನೂ ಎತ್ತಿ ತೋರಿಸಿದೆ, ಆಗಲೂ ಅದು ಹೊಳೆಯುತ್ತಿತ್ತು. ಅಪ್ಪಿಯ ನಕ್ಷೆಯನ್ನು ಮೇಜಿನ ಮೇಲಿಟ್ಟು, "ಇದು ಒಣಗಿದ ನಕ್ಷೆ. ಅವತ್ತೂ ಒಣಗಿಯೇ ಇತ್ತು. ಅಪ್ಪಿ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಮಾಸ್ಟ್ರು ಹಣೆ ಹಿಡಿದುಕೊಂಡು ಕೂತರು.

ಭುಜಂಗಣ್ಣ ಕುರ್ಚಿಯಿಂದ ಪುಟಿದೆದ್ದ. "ನಾನು ನಾಲ್ಕು ವರ್ಷದಿಂದ ಹೇಳಿದ್ದೂ ಅದನ್ನೇ ಅಲ್ವಾ ಮಾರ್ರೆ? ಒಂದು ಸಲ ತಪ್ಪಿದ ಕೈ ಎಷ್ಟು ಸಲ ತಪ್ಪಿದೆ ಅಂತ ಯಾರಿಗೆ ಗೊತ್ತು? ಗುಲಾಬಕ್ಕ, ನೀವೇ ಹೇಳಿ, ನಂದು ಒದ್ದೆ ಅಂತ ಹೇಗೆ ನಂಬುದು?"

ಅವನ ಪ್ರಶ್ನೆ ಸರಿಯಾಗಿತ್ತು. ಅವನ ನಕ್ಷೆ ಹಗ್ಗದ ಮೇಲೆ ತೊಟ್ಟಿಕ್ಕುತ್ತಲೇ ಇತ್ತು, ಆದರೆ ನೋಡುವ ಕಣ್ಣುಗಳೆಲ್ಲ ನನ್ನ ಅಂಗೈಯ ಮೇಲಿದ್ದವು. ಕಾಗದಗಳನ್ನು ಕಟ್ಟಿ ಘಟ್ಟದ ಮೇಲೆ ಕಳಿಸುವುದೇ ಸರಿ ಎಂದು ಒಬ್ಬಿಬ್ಬರು ಹೇಳತೊಡಗಿದರು.

"ಇವಳ ಕೈ ತಪ್ಪಿತು, ಹೌದು" ಎಂದು ಹಿಂದಿನಿಂದ ದನಿ ಬಂತು. ಅಪ್ಪಿ. ಕೋಲನ್ನು ಬಾಗಿಲಿಗೆ ಒರಗಿಸಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. "ಒಂದು ಕೈ ತಪ್ಪಿದ್ರೆ ಊರಿನವರ ಕೈಯೆಲ್ಲ ಎಲ್ಲಿ ಹೋಗಿದೆ? ಕಪಾಟಿನಲ್ಲಿ ಇದ್ದದ್ದನ್ನೆಲ್ಲ ಹೊರಗೆ ತೆಗೀರಿ. ಪೇಟೆ ರಸ್ತೆಗೆ ಹಗ್ಗ ಕಟ್ಟಿ ಹಾಕಿ. ಎಲ್ಲರೂ ಮುಟ್ಟಿ ನೋಡುವ. ಭುಜಂಗಣ್ಣ, ನೀವೂ ಮುಟ್ಟಿ. ನಿಮ್ಮ ಕೈ ನೀವು ನಂಬ್ತೀರಲ್ವಾ?"

ಭುಜಂಗಣ್ಣ ಒಂದು ಕ್ಷಣ ಯೋಚಿಸಿದ. ಆ ಭಾನುವಾರ ಅಷ್ಟಮಿ. ಅಷ್ಟಮಿಯ ಉಬ್ಬರ ಮೆತ್ತಗಿನದು, ಏರಿದ್ದೇ ಗೊತ್ತಾಗುವುದಿಲ್ಲ. ಅದು ಅವನಿಗೆ ನೆನಪಿತ್ತು ಎಂದು ಕಾಣುತ್ತದೆ. "ಆಗ್ಲಿ, ಭಾನುವಾರ" ಎಂದ.

ಭಾನುವಾರ ಬೆಳಿಗ್ಗೆ ಆರು ಗಂಟೆಯ ಉಬ್ಬರಕ್ಕೆ ನಕ್ಷೆ ಕಚೇರಿಯ ಗೇಟಿನಿಂದ ಮೀನು ಮಾರುಕಟ್ಟೆಯವರೆಗೆ ಹಗ್ಗ ಬಿಗಿದಿತ್ತು. ಅರುವತ್ತಮೂರು ನಕ್ಷೆ. ಕ್ಲಿಪ್ಪು ಸಾಲದೆ ಮನೆ ಮನೆಯಿಂದ ತಂದರು, ಕೆಂಪು, ಹಸಿರು, ಮುರಿದದ್ದು. ಹಳೆಯ ಒದ್ದೆಯ ಮಾತು ಬರಬಾರದೆಂದು ಭುಜಂಗಣ್ಣ ತನ್ನ ಹೋಟೆಲಿನ ನಕ್ಷೆಯನ್ನು ಹೊಸ ಕಾಗದದಲ್ಲಿ ಬರೆಸಿ ತಂದು ತಾನೇ ಹಾಕಿದ. ಎಲ್ಲರದ್ದು ಹಾಕಿ ನಮ್ಮದು ಬಿಟ್ಟರೆ ಸರಿಯಲ್ಲ ಎಂದು ಮಾಸ್ಟ್ರು ಕಚೇರಿಯ ನಕ್ಷೆಯನ್ನೂ ತಂದು ಹಾಕಿಸಿದರು. ಮಧ್ಯಾಹ್ನದ ಬಿಸಿಲಿಗೆ ರಸ್ತೆಯ ಡಾಂಬರು ಸುಡುತ್ತಿತ್ತು. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ.

ಸಂಜೆ ಆರೂವರೆಗೆ ಎರಡನೆಯ ಉಬ್ಬರ ತುಂಬಿತು. ಬೆಳಕು ಇನ್ನೂ ಉಳಿದಿತ್ತು. ಮಾಸ್ಟ್ರು ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವ ಹಾಗೆ ಜನರನ್ನು ಸಾಲಾಗಿ ನಿಲ್ಲಿಸಿ, "ಅಂಗೈ ಅಲ್ಲ, ಹಿಂಗೈ! ಜ್ವರ ನೋಡಿದ ಹಾಗೆ!" ಎಂದು ಕೂಗಿದರು. ಮೀನು ಮಾರುವವರು ಕೈ ತೊಳೆದುಕೊಂಡು ಬಂದರು. ಟೈಲರು, ಬೀಡಿ ಕಟ್ಟುವವರು, ಮಸೀದಿಯಲ್ಲಿ ಬಾಂಗು ಕೊಡುವ ಮುಕ್ರಿಗಳು, ಬಾಣಂತಿಯೊಬ್ಬಳು, ಎಲ್ಲರೂ ಬೆರಳು ಮಡಚಿ ಒಂದೊಂದೇ ನಕ್ಷೆ ಸವರುತ್ತ ನಡೆದರು. "ಒದ್ದೆ." "ಒದ್ದೆ." "ಇದು ಇಲ್ಲಿಯ ತನಕ ಒದ್ದೆ, ನೀಲಿ ಗೆರೆ ಸರಿ ಉಂಟು." ಒಂದು ಕಡೆ ನನ್ನ ಗೆರೆ ಬೆರಳಿನಗಲ ಆಚೀಚೆಯಾಗಿತ್ತು, ಅದನ್ನು ಅಲ್ಲೇ ತಿದ್ದಿದರು. ಇನ್ನೊಂದು ತಪ್ಪು ನನ್ನದಲ್ಲ, ಕಟ್ಟಿದವರದ್ದು. ನಮ್ಮ ಕಚೇರಿಯ ಸೈಕಲ್ ನಿಲ್ಲಿಸುವ ಕೊಟ್ಟಿಗೆ ಪೂರ್ತಿ ಒದ್ದೆ! ನಗುವೋ ನಗು. ಮರುವಾರವೇ ಅದನ್ನು ಕೆಡವಿದೆವು, ಈಗ ಅಲ್ಲಿ ಕಾಂಡ್ಲದ ಸಸಿ ಎದ್ದಿದೆ.

ಭುಜಂಗಣ್ಣನ ಹೊಸ ಕಾಗದ ಅಷ್ಟಮಿಯ ಉಬ್ಬರಕ್ಕೇ ನೀರು ಕುಡಿದು ಭಾರವಾಗಿ ಹಗ್ಗವನ್ನು ಕೆಳಗೆ ಜಗ್ಗಿತ್ತು. ಈಜುಕೊಳದಿಂದ ಒಂದು ಏಡಿ ಮರಿ ಟಪ್ಪೆಂದು ರಸ್ತೆಗೆ ಬಿದ್ದು ಚರಂಡಿಯ ಕಡೆ ಓಡಿತು. ಅವನು ಬಹಳ ಹೊತ್ತು ಕೈ ಕಟ್ಟಿ ನಿಂತಿದ್ದ. ಆಮೇಲೆ ಮುಂದೆ ಹೋಗಿ ಹಿಂಗೈಯನ್ನು ಕಾಗದಕ್ಕೆ ತಾಗಿಸಿದ. ಬಿಳಿ ಅಂಗಿಯ ತೋಳಿಗೆ ಕೆಸರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಮೂಲೆಯ ಒಣ ಪಟ್ಟಿಯನ್ನೂ ಮುಟ್ಟಿ ನೋಡಿದ.

"ಇಲ್ಲಿ ಎಂಟು ಕೋಣೆ ಆದೀತಾ ಮಾಸ್ಟ್ರೇ?" ಎಂದು ಕೇಳಿದ. ದನಿಯಲ್ಲಿ ಹಳೆಯ ಬಿಗಿ ಇರಲಿಲ್ಲ.

"ಎಂಟು ಎಂತಕ್ಕೆ, ಹತ್ತು ಆಗ್ತದೆ. ಮೇಲೊಂದು ಮಾಳಿಗೆ ಹಾಕು" ಎಂದರು ಮಾಸ್ಟ್ರು.

ಸಾಲಿನ ಕೊನೆಯಲ್ಲಿ, ಮೀನು ಮಾರುಕಟ್ಟೆಯ ಹತ್ತಿರ, ಅಪ್ಪಿಯ ನಕ್ಷೆ ಒಂದೇ ಕ್ಲಿಪ್ಪಿನಲ್ಲಿ ಗಾಳಿಗೆ ಪಟಪಟ ಹಾರುತ್ತಿತ್ತು. ಅದನ್ನು ಮುಟ್ಟಲು ಜನ ಮುಗಿಬಿದ್ದರು. "ಒಣ" ಎಂದರು ಒಬ್ಬರು. "ಒಣ." "ಒಣ ಮಾರಾಯ್ತಿ, ಗರಿಗರಿ!" ಹನ್ನೊಂದು ವರ್ಷದ ಹಿಂದೆ ನಕ್ಕ ಬಾಯಿಗಳೂ ಅದರಲ್ಲಿದ್ದವು. ಅಪ್ಪಿ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದಳು. ಬೆಳಗ್ಗಿನಿಂದ ಅವಳು ಅಲ್ಲಿಂದ ಕದಲಿರಲಿಲ್ಲ. ಎಲ್ಲರೂ ಮುಟ್ಟಿದ ಮೇಲೆ ಮರುವಾಯಿ ಹೆಕ್ಕುವ ಒಬ್ಬ ಹೆಂಗಸು ಅವಳ ಹತ್ತಿರ ಬಂದು, "ಅಪ್ಪಿಯಕ್ಕ, ನಾಳೆ ಆಚೆ ದಂಡೆಗೆ ಎಲ್ಲಿಂದ ದಾಟುದು?" ಎಂದು ಕೇಳಿದಳು. ಅಪ್ಪಿ ಹೇಳಿದಳು. ಸೋಮವಾರ ಅವಳು ಘಟ್ಟ ಹತ್ತಲಿಲ್ಲ. ಮನೆ ಏಳುವ ತನಕ ಮಾಸ್ಟ್ರ ಮನೆಯ ಹಿಂದಿನ ಕೋಣೆಯಲ್ಲಿದ್ದಳು.

ಈಗ ಒಬ್ಬರೇ ನಕ್ಷೆ ಮುಟ್ಟುವುದಿಲ್ಲ, ಮೂರು ಜನ ಮುಟ್ಟುತ್ತಾರೆ. ಮುಟ್ಟುವ ಮೊದಲು ಅಪ್ಪಿ ಆ ಜಾಗದಲ್ಲಿ ಬರಿಗಾಲಲ್ಲಿ ನಡೆದು ಬರುತ್ತಾಳೆ. ಭುಜಂಗಣ್ಣನ ನೆಲದಲ್ಲಿ ಗಡಿಯ ಗೂಟ ನೆಡುವಾಗ ಅವಳು ಮುಂದೆ, ಅವನು ಹಿಂದೆ. ಅವನ ಪ್ಯಾಂಟು ಮೊಣಕಾಲಿನ ತನಕ ಮಡಚಿತ್ತು. ಹುಷಾರು, ಅಲ್ಲಿ ಹೂಳು ಎಂದು ಅವಳು ಹೇಳಿದ್ದನ್ನು ಕೇಳದೆ ಒಮ್ಮೆ ಸೊಂಟದ ತನಕ ಇಳಿದನಂತೆ. ಆಮೇಲೆ ಕೇಳುತ್ತಾನೆ.

ಮಳೆಗಾಲಕ್ಕೆ ಮೊದಲು ಅಪ್ಪಿಯ ಮನೆ ಎದ್ದಿತು. ಎರಡು ಕೋಣೆ, ಒಂದು ಜಗಲಿ, ಅಳಿವೆಯ ಕಡೆಗೆ ಕಿಟಕಿ. ಗೃಹಪ್ರವೇಶದ ಒಕ್ಕಲಿಗೆ ಕರೆಯುತ್ತಾಳೋ ಇಲ್ಲವೋ ಎಂದು ನನಗೆ ಖಾತ್ರಿಯಿರಲಿಲ್ಲ. ಹಿಂದಿನ ದಿನ ತಾನೇ ನನ್ನ ಬಾಗಿಲಿಗೆ ಬಂದು ಒಂದು ಬುಟ್ಟಿ ಮರುವಾಯಿ ಇಟ್ಟು, "ನಾಳೆ ಬೆಳಿಗ್ಗೆ ಬಾ, ಎಲ್ಲರಿಗಿಂತ ಮೊದಲು" ಎಂದು ಹೇಳಿ ಹೋದಳು.

ಹೋದೆ. ಜಗಲಿಯ ಗೋಡೆಗೆ ಸುಣ್ಣ ಬಳಿದು ನಾಲ್ಕೈದು ದಿನವಾಗಿರಬೇಕು, ಚೆನ್ನಾಗಿ ಒಣಗಿತ್ತು. ಅವಳು ನನ್ನನ್ನು ಬಾಗಿಲ ಪಕ್ಕ ನಿಲ್ಲಿಸಿ, "ಇಲ್ಲಿ ಕೈ ಇಡು" ಎಂದಳು.

ನಾನು ಬೆರಳು ಮಡಚಿದೆ.

"ಹಿಂಗೈ ಅಲ್ಲ. ಅಂಗೈ."

"ಬೆವರ್ತಾ ಉಂಟು ಅಪ್ಪಿ."

"ಗೊತ್ತುಂಟು. ಒಂದನೇ ಕ್ಲಾಸಿನಿಂದ ಗೊತ್ತುಂಟು. ಇಡು."

ಇಟ್ಟೆ. ತೆಗೆದಾಗ ಬಿಳಿ ಗೋಡೆಯ ಮೇಲೆ ನನ್ನ ಅಂಗೈ ಒದ್ದೆಯಾಗಿ ಮೂಡಿತ್ತು, ಐದು ಬೆರಳೂ ಸ್ಪಷ್ಟವಾಗಿ. ಒರೆಸಲು ಸೆರಗು ಎತ್ತಿದೆ. ಅಪ್ಪಿ ನನ್ನ ಕೈ ಹಿಡಿದು ಜಗಲಿಯಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. "ಸುಮ್ಮನೆ ನೋಡು" ಎಂದಳು. ಅಳಿವೆಯ ಕಡೆಯಿಂದ ಗಾಳಿ ಬರುತ್ತಿತ್ತು. ಕಿರುಬೆರಳು ಮೊದಲು ಮಾಸಿತು, ಆಮೇಲೆ ಒಂದೊಂದಾಗಿ ಉಳಿದವು, ಅಂಗೈಯ ನಡುವಿನ ಕಲೆ ಸಣ್ಣದಾಗುತ್ತ ಬಂತು. ನನ್ನ ಕೈ ಅವಳ ಕೈಯೊಳಗೇ ಇತ್ತು, ಬೆವರುತ್ತಲೇ ಇತ್ತು, ಅವಳು ಬಿಡಲಿಲ್ಲ. ಕೊನೆಗೆ ಹೆಬ್ಬೆರಳೂ ಒಣಗಿತು.